ಮೊದಲನೇ ಟೇಪಿನ ಹತ್ತಿರಕ್ಕೆ

ಡಿಸೆಂಬರ್ 12, 2025, ಶುಕ್ರವಾರ

‘ವಿಶ್ ಯು ವರ್ ಹಿಯರ್’ನ ಐವತ್ತನೇ ವರ್ಷದ ಆವೃತ್ತಿ ಇವತ್ತು ಹೊರಬಂತು. ಪಿಂಕ್ ಫ್ಲಾಯ್ಡ್‌ನವರ ಹಳೆಯ ಆಲ್ಬಂಗಳು ಏನಾದರೊಂದು ನೆಪ ಹುಡುಕಿಕೊಂಡು ಹೊಸ ಡಬ್ಬಿಯಲ್ಲಿ ಬರುವುದು ಹೊಸದೇನಲ್ಲ. ಕೊಳ್ಳುವ ನಮ್ಮಂಥವರು ಇರುವ ತನಕ ಬರುತ್ತಲೇ ಇರುತ್ತವೆ. ಆದರೆ ಈ ಸಲ ನಾನು ಕಾದಿದ್ದು ಆಲ್ಬಂಗಲ್ಲ, ಅದರ ಜೊತೆ ಕೊಟ್ಟಿರುವ ಕಳ್ಳಮಾಲಿಗೆ. 1975ರ ಏಪ್ರಿಲ್ 26ರಂದು ಲಾಸ್ ಏಂಜಲೀಸ್‌ನ ಸ್ಪೋರ್ಟ್ಸ್ ಅರೀನಾದಲ್ಲಿ ಇವರ ಕಛೇರಿ ನಡೆದಾಗ ಮೈಕ್ ಮಿಲಾರ್ಡ್ ಎಂಬ ಅಭಿಮಾನಿ ಯಾರನ್ನೂ ಕೇಳದೆ ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ. ಐವತ್ತು ವರ್ಷ ಕೈಯಿಂದ ಕೈಗೆ ಓಡಾಡಿದ ಆ ಧ್ವನಿಮುದ್ರಣವನ್ನು ಸ್ಟೀವನ್ ವಿಲ್ಸನ್ ಕೈಯಲ್ಲಿ ರಿಪೇರಿ ಮಾಡಿಸಿ ಈಗ ಕಂಪನಿಯೇ ಮಾರುತ್ತಿದೆ. ಅಂದು ಸಿಕ್ಕಿಬಿದ್ದಿದ್ದರೆ ಕತ್ತು ಹಿಡಿದು ಆಚೆ ನೂಕುತ್ತಿದ್ದರು. ಇಂದು ಅವನ ಹೆಸರು ಹೇಳಿಯೇ ಮಾರಾಟ!

ಊಟ ಮುಗಿಸಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಆ ರಾತ್ರಿಯ ಸಭಿಕರಿಗೆ ಮೊದಲರ್ಧದ ಹಾಡುಗಳು ಗೊತ್ತೇ ಇಲ್ಲ. ಆಲ್ಬಂ ಬಂದದ್ದು ಸೆಪ್ಟೆಂಬರಿನಲ್ಲಿ. ಶುರುವಿನ ಎರಡು ದೊಡ್ಡ ಹಾಡುಗಳಂತೂ ಬೇರೆ ಹೆಸರು ಹೊತ್ತು ‘ಅನಿಮಲ್ಸ್’ ಆಲ್ಬಂ ಸೇರಲು 1977ರ ತನಕ ಕಾಯಬೇಕಾಯಿತು. ಸ್ಟುಡಿಯೋದಲ್ಲಿ ರಾಯ್ ಹಾರ್ಪರ್ ಹಾಡಿದ ‘ಹ್ಯಾವ್ ಎ ಸಿಗಾರ್’ ಇಲ್ಲಿ ಬ್ಯಾಂಡಿನವರೇ ಆದ ವಾಟರ್ಸ್ ಮತ್ತು ಗಿಲ್ಮೋರ್ ಇಬ್ಬರ ಗಂಟಲಲ್ಲಿ ಒರಟೊರಟಾಗಿ ಬರುತ್ತದೆ. ನನಗೆ ಈ ಒರಟೇ ಇಷ್ಟ.

ಡಿಸೆಂಬರ್ 13, ಶನಿವಾರ

ಮಿಲಾರ್ಡ್ ಬಗ್ಗೆ ಗೊತ್ತಿರುವುದನ್ನು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಎಪ್ಪತ್ತರ ದಶಕದಲ್ಲಿ ಕಛೇರಿ ಕದಿಯುವವರು ಬಹುಪಾಲು ಕೈಗೆ ಸಿಕ್ಕಿದ ಅಗ್ಗದ ಯಂತ್ರ ಒಯ್ಯುತ್ತಿದ್ದರು. ಕೋಟಿನ ಒಳಗೊಂದು ಮೈಕು, ಹಿಂದಿನ ಸಾಲಿನಲ್ಲೆಲ್ಲೋ ಒಂದು ಸೀಟು. ಬಾವಿಯೊಳಗಿಂದ ಬಂದಂಥ ಸದ್ದು. ಮಿಲಾರ್ಡ್ ಹಾಗಲ್ಲ. ಸ್ಟುಡಿಯೋದಲ್ಲಿ ಬಳಸುವ ದರ್ಜೆಯ ಎಕೆಜಿ 451 ಮೈಕುಗಳು, ಬ್ಯಾಟರಿಯಲ್ಲಿ ಓಡುವ ನಾಕಮಿಚಿ 550 ಕ್ಯಾಸೆಟ್ ಡೆಕ್. ಆ ಡೆಕ್ಕೇನು ಜೇಬಿಗೆ ಹಿಡಿಸುವಂಥದ್ದಲ್ಲ. ಅದಕ್ಕೇ ಆತ ಗಾಲಿಕುರ್ಚಿಯಲ್ಲಿ ಕೂತು, ಯಂತ್ರವನ್ನು ಸೀಟಿನಡಿ ಅಡಗಿಸಿ, ಗೆಳೆಯರಿಂದ ತಳ್ಳಿಸಿಕೊಂಡು ಒಳಗೆ ಹೋಗುತ್ತಿದ್ದ. ಕಾಲು ಗಟ್ಟಿಯಾಗಿಯೇ ಇದ್ದವು. ಇದನ್ನು ಮೆಚ್ಚಬೇಕೋ ಬೈಯಬೇಕೋ, ಇವತ್ತಿಗೂ ನನಗೆ ಇತ್ಯರ್ಥವಾಗಿಲ್ಲ. ಆದರೆ ಮುಂದಿನ ಸಾಲುಗಳಲ್ಲಿ, ಎರಡೂ ಕಡೆಯ ಸ್ಪೀಕರುಗಳ ಧ್ವನಿ ಸರಿಯಾಗಿ ಕೂಡುವ ಜಾಗಕ್ಕೆ ಒಳ್ಳೆಯ ಮೈಕುಗಳು ತಲುಪಿದ್ದು ಹಾಗೆ. ಲೆಡ್ ಝೆಪೆಲಿನ್‌ನವರು 1977ರ ಜೂನ್ 21ರಂದು ಲಾಸ್ ಏಂಜಲೀಸ್ ಪಕ್ಕದ ಫೋರಂನಲ್ಲಿ ನುಡಿಸಿದ್ದು ‘ಲಿಸನ್ ಟು ದಿಸ್, ಎಡ್ಡಿ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆಯಲ್ಲ, ಅದೂ ಇವನದೇ ಕೈಕೆಲಸ.

ಝೆಪೆಲಿನ್ ಅಂದರೆ ಅವರ ಮ್ಯಾನೇಜರ್ ಪೀಟರ್ ಗ್ರಾಂಟ್ ನೆನಪಾಗುತ್ತಾನೆ. ಆಳೂ ದೈತ್ಯ, ಸಿಟ್ಟೂ ದೈತ್ಯ. 1971ರಲ್ಲಿ ವ್ಯಾಂಕೂವರ್‌ನಲ್ಲಿ ಯಾರೋ ಕಳ್ಳರೆಕಾರ್ಡಿಂಗ್ ಮಾಡುತ್ತಿದ್ದಾರೆಂದು ಯಂತ್ರ ಒಡೆಸಿದ. ನೋಡಿದರೆ ಅದು ಶಬ್ದಮಾಲಿನ್ಯ ಅಳೆಯಲು ಬಂದಿದ್ದವರ ಸಲಕರಣೆ.

ಫ್ಲಾಯ್ಡ್‌ನವರಿಗೂ ಸಿಟ್ಟು ಬರಲು ಕಾರಣವಿತ್ತು. 1974ರ ನವೆಂಬರಿನ ಬ್ರಿಟನ್ ಪ್ರವಾಸದ ಕಛೇರಿಯೊಂದು ಕಳ್ಳ ಎಲ್‌ಪಿಯಾಗಿ ಬಂತು, ಅದೂ ಸಾಹಿತ್ಯವನ್ನೆಲ್ಲ ಅಚ್ಚು ಹಾಕಿಸಿಕೊಂಡು. ಇನ್ನೂ ಸ್ಟುಡಿಯೋ ಕಾಣದ ಹಾಡುಗಳು ಮನೆಮನೆ ಸೇರಿದವು. ಇದೇ ಹೊಸ ಆಲ್ಬಂ ಅಂದುಕೊಂಡು ಕೊಂಡವರೂ ಇದ್ದರಂತೆ.

ಡಿಸೆಂಬರ್ 16, ಮಂಗಳವಾರ

ಅಟ್ಟದಿಂದ ಹಳೆಯ ಕ್ಯಾಸೆಟ್ ಇಳಿಸಿದೆ. ತೊಂಬತ್ತರ ದಶಕದಲ್ಲಿ ಅಮೆರಿಕದಿಂದ ಬಂದ ಗೆಳೆಯ ಕೊಟ್ಟದ್ದು. ಇದೇ ಏಪ್ರಿಲ್ 26, ಇದೇ ಮಿಲಾರ್ಡ್. ಎಷ್ಟನೆಯ ಪ್ರತಿ ಎಂದು ಕೊಟ್ಟವನಿಗೂ ಗೊತ್ತಿರಲಿಲ್ಲ. ಡೆಕ್ಕಿನ ಬೆಲ್ಟ್ ಹೊಸದು ಹಾಕಿಸಿದ್ದರಿಂದ ಓಡಿತು.

ಅದೇ ರಾತ್ರಿ, ಅವೇ ಮೈಕುಗಳು. ಆದರೂ ಹೊಸದರ ಪಕ್ಕದಲ್ಲಿಟ್ಟರೆ ಬೇರೆ ಕಛೇರಿಯೇನೋ ಅನ್ನಬೇಕು. ನನ್ನದು ಜೆರಾಕ್ಸಿನ ಜೆರಾಕ್ಸು. ಪ್ರತಿಯಿಂದ ಪ್ರತಿ ಎಳೆದ ಹಾಗೆಲ್ಲ ಸುಯ್ಯೆನ್ನುವ ಸದ್ದು ಒಂದು ಪದರ ಏರುತ್ತದೆ, ಸಿಂಬಲ್ಲಿನ ಮೇಲುದನಿ ಒಂದು ಪದರ ಇಳಿಯುತ್ತದೆ. ಕ್ಯಾಸೆಟ್ ಟೇಪಿನ ಅಗಲ ನಾಲ್ಕು ಮಿಲಿಮೀಟರೂ ಇಲ್ಲ, ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರು. ಇಷ್ಟು ಇಕ್ಕಟ್ಟಿನಲ್ಲಿ ರೆಕಾರ್ಡ್ ಮಾಡಿದ ಹೆಡ್ಡಿಗೂ ಓದುವ ಹೆಡ್ಡಿಗೂ ಕೂದಲೆಳೆಯಷ್ಟು ಓರೆ ಇದ್ದರೆ ಸಾಕು, ಮೇಲುದನಿ ಮಂಕಾಗುತ್ತದೆ. ಆ ಓರೆಯನ್ನು ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಹಾಗೆ ಮಾಡಿದ ಕೂಡಲೇ ಡಿಕ್ ಪ್ಯಾರಿಯ ಸ್ಯಾಕ್ಸೊಫೋನ್‌ಗೆ ಉಸಿರು ಬಂತು. ಆದರೆ ಹಿಂದಿನ ಪ್ರತಿಗಳಲ್ಲಿ ಕಳೆದುಹೋದದ್ದನ್ನು ಯಾವ ಸ್ಕ್ರೂ ತರುತ್ತದೆ?

ಕಳ್ಳರೆಕಾರ್ಡಿಂಗುಗಳ ಧ್ವನಿ ಈಚೆಗೆ ಏಕೆ ಇಷ್ಟು ಸುಧಾರಿಸಿದೆ ಎಂದು ಕೇಳುವವರು ಮೊದಲು ಕಂಪ್ಯೂಟರಿನತ್ತ ಕೈ ತೋರಿಸುತ್ತಾರೆ. ನನ್ನ ಲೆಕ್ಕ ಬೇರೆ. ಅರ್ಧಕ್ಕಿಂತ ಹೆಚ್ಚಿನ ಸುಧಾರಣೆ ಬಂದಿರುವುದು ಯಾರೋ ಮೊದಲನೇ ಟೇಪನ್ನೋ ಅದರ ನೇರ ಮಗುವನ್ನೋ ಹುಡುಕಿ ತೆಗೆದದ್ದರಿಂದ. ಮಿಲಾರ್ಡ್ ತನ್ನ ಮೂಲ ಟೇಪುಗಳನ್ನು ಸುಲಭಕ್ಕೆ ಬಿಟ್ಟುಕೊಡುತ್ತಿರಲಿಲ್ಲ. ಕೊಟ್ಟ ಪ್ರತಿಗಳಲ್ಲೂ ಗುಟ್ಟಾದ ಗುರುತು ಇಡುತ್ತಿದ್ದ, ಎಲ್‌ಪಿ ಮಾಡಿ ಮಾರಿದರೆ ಯಾರು ಎಂದು ಹಿಡಿಯಲು, ಎಂದು ಬಲ್ಲವರು ಹೇಳುತ್ತಾರೆ. ಆತ ಸತ್ತ ಮೇಲೆ ಎಲ್ಲವೂ ನಾಶವಾಯಿತೆಂದೇ ಬಹಳ ಮಂದಿ ನಂಬಿದ್ದರು. 2020ರ ಸುಮಾರಿಗೆ ಹಳೆಯ ಗೆಳೆಯನೊಬ್ಬನ ಪ್ರಯತ್ನದಿಂದ ಪೆಟ್ಟಿಗೆಗಳು ಹೊರಬಂದವು. ಆಮೇಲೆ ಒಂದೊಂದಾಗಿ ಒಳ್ಳೆಯ ಡೆಕ್ಕಿನಿಂದ ಡಿಜಿಟಲ್‌ಗೆ ಇಳಿಸಿ ಹಂಚಿದರು. ಜೊತೆಗೊಂದು ಚೀಟಿ: ಯಾವ ಮೈಕು, ಯಾವ ಡೆಕ್ಕು, ಎಷ್ಟನೆಯ ತಲೆಮಾರು, ಯಾವುದರಲ್ಲಿ ಇಳಿಸಿದ್ದು. ಹಾಡಿನ ಮೊದಲು ಈ ವಂಶಾವಳಿ ಓದುವ ಚಟ ನನಗಿದೆ.

ಶ್ರುತಿಯ ಮಾತು. ನನ್ನ ಕ್ಯಾಸೆಟ್ ಮೂರು ಪರ್ಸೆಂಟ್ ಹೆಚ್ಚು ವೇಗ. ಕೇಳಲು ಕ್ಷುಲ್ಲಕ. ಆದರೆ ಒಂದು ಗಂಟೆಯ ಸಂಗೀತ ಒಂದೂಮುಕ್ಕಾಲು ನಿಮಿಷ ಮೊದಲೇ ಮುಗಿದುಹೋಗುತ್ತದೆ, ಶ್ರುತಿ ಅರ್ಧ ಸ್ವರಾಂತರದಷ್ಟು ಏರಿ ಬಿಳಿ ಮನೆಗೂ ಕಪ್ಪು ಮನೆಗೂ ನಡುವೆ ನಿಲ್ಲುತ್ತದೆ, ಹಾರ್ಮೋನಿಯಮ್ ಜೊತೆ ಕೂರಿಸಲು ನೋಡಿದರೆ ಹಲ್ಲು ಜುಂ ಅನ್ನುತ್ತದೆ. ಗಿಲ್ಮೋರನ ದನಿ ತೆಳುವಾಗುತ್ತದೆ, ಡ್ರಮ್ಮು ಅವಸರ ಬೀಳುತ್ತದೆ. ಮಂದಿ ಇದನ್ನು ಕಛೇರಿಯ ಹುರುಪು ಎಂದು ಹೊಗಳಿದ್ದೂ ಉಂಟು.

ಸರಿಯಾದ ವೇಗ ಯಾವುದು ಎಂದು ಪತ್ತೆ ಮಾಡುವ ಬಗೆ ಸ್ವಾರಸ್ಯದ್ದು. ಗಿಟಾರನ್ನು ನಂಬುವ ಹಾಗಿಲ್ಲ, ತಂತಿ ಬಿಗಿದವರ ಕಿವಿಯಂತೆ ಅದು. ವೇದಿಕೆಯ ಆಂಪ್ಲಿಫೈಯರುಗಳ ಗುಂಯ್ ಟೇಪಿನಲ್ಲಿ ಸಿಕ್ಕಿದ್ದರೆ ನಂಬಬಹುದು. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಟೇಪಿನಲ್ಲಿ ಅದು 61.8 ಎಂದು ತೋರಿದರೆ ಮೂರು ಪರ್ಸೆಂಟ್ ಹೆಚ್ಚು ವೇಗ ಎಂದೇ ಅರ್ಥ. ಆದರೆ ಎಚ್ಚರ ಬೇಕು. ನಡುವಿನ ಪ್ರತಿ ತೆಗೆದ ಡೆಕ್ಕುಗಳೂ ತಂತಮ್ಮ ಗುಂಯ್ ಬೆರೆಸಿರುತ್ತವೆ. ಎರಡು ಮೂರು ಗೆರೆ ಕಂಡರೆ ಯಾವುದು ಅರೀನಾದ್ದು, ಯಾವುದು ಯಾರದೋ ಮನೆಯದ್ದು ಎಂದು ಬಿಡಿಸಬೇಕು.

ಡಿಸೆಂಬರ್ 17, ಬುಧವಾರ

ದಿನವಿಡೀ ಬ್ಯಾಂಕು, ಔಷಧಿ ಅಂಗಡಿ. ಏನೂ ಕೇಳಲಿಲ್ಲ.

ಡಿಸೆಂಬರ್ 20, ಶನಿವಾರ

ತಮ್ಮನ ಮಗ ಬಂದಿದ್ದ. ಲ್ಯಾಪ್‌ಟಾಪಿನಲ್ಲಿ ನನ್ನ ಕ್ಯಾಸೆಟ್ಟಿನ ಫೈಲನ್ನು ಡೆಮ್ಯೂಕ್ಸ್‌ಗೆ ಹಾಕಿದ. ಹಾಡುಗಾರಿಕೆ, ಡ್ರಮ್ಸ್, ಬೇಸ್, ಮಿಕ್ಕಿದ್ದು ಎಂದು ನಾಲ್ಕು ಪಾಲು ಮಾಡಿಕೊಡುವ ತಂತ್ರಾಂಶ ಅದು. “ದೊಡ್ಡಪ್ಪಾ, ಈಗ ಕೇಳಿ, ಬೇಸ್ ಎಷ್ಟು ಕ್ಲೀನಾಗಿದೆ” ಅಂದ. ಹೌದು, ವಾಟರ್ಸ್‌ನ ಬೇಸ್ ಒಂಟಿಯಾಗಿ ಎದುರಿಗೆ ನಿಂತಿತು. ಒಂದು ಕ್ಷಣ ಬೆರಗಾಯಿತು, ಸುಳ್ಳು ಹೇಳಲಾರೆ.

ಆಮೇಲೆ ಮಿಕ್ಕ ಪಾಲುಗಳನ್ನು ಕೇಳಿಸಿದ. ಸಭಿಕರ ಚಪ್ಪಾಳೆಯಲ್ಲಿ ಮುಕ್ಕಾಲು ಪಾಲು ಡ್ರಮ್ಸ್‌ಗೆ ಹೋಗಿತ್ತು. ಯಾರದೋ ಶಿಳ್ಳೆ ಹಾಡುಗಾರನ ಪಾಲಿಗೆ. ಹಿನ್ನೆಲೆ ಹಾಡಿದ ವೆನೆಟ್ಟಾ ಫೀಲ್ಡ್ಸ್, ಕಾರ್ಲೀನಾ ವಿಲಿಯಮ್ಸ್ ಇಬ್ಬರ ದನಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ಮತ್ತೆ ಕೂಡಿಸಿದಾಗ ನೀರೊಳಗಿನ ಗುಳುಗುಳು ಶಬ್ದ.

“ಬೀಟಲ್ಸ್‌ಗೆ ಹೀಗೇ ಮಾಡಿದ್ರಲ್ವಾ?” ಎಂದ. ಮಾಡಿದರು. ಪೀಟರ್ ಜಾಕ್ಸನ್‌ನ ತಂಡ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರಕ್ಕಾಗಿ ತಯಾರಿಸಿದ ವಿದ್ಯೆಯಿಂದಲೇ 2023ರಲ್ಲಿ ಲೆನನ್ನನ ದನಿಯನ್ನು ಹಳೆಯ ಮನೆಕ್ಯಾಸೆಟ್ಟಿನ ಪಿಯಾನೋದಿಂದ ಬೇರ್ಪಡಿಸಿ ‘ನೌ ಅಂಡ್ ದೆನ್’ ಮುಗಿಸಿದರು. ಆದರೆ ಅಲ್ಲಿ ಒಂದು ಕೋಣೆ, ಒಬ್ಬ ಮನುಷ್ಯ, ಒಂದು ಪಿಯಾನೋ. ಇಲ್ಲಿ ಸಾವಿರಾರು ಜನ, ಸಿಮೆಂಟಿನ ಗೋಡೆ, ಆ ಗೋಡೆಯಿಂದ ಹಿಂದಿರುಗಿದ ದನಿ. ಎರಡು ಮೈಕಿಗೆ ಬಿದ್ದದ್ದು ಅದೆಲ್ಲದರ ಮೊತ್ತ. ಸಭಾಂಗಣವನ್ನು ಕಸವೆಂದು ಗುಡಿಸಿದರೆ ಉಳಿಯುವುದು ಸ್ಟುಡಿಯೋವೂ ಅಲ್ಲ, ಕಛೇರಿಯೂ ಅಲ್ಲ. ಅವನಿಗೆ ಹೇಳಿದೆ, “ಬೇಸ್ ಒಂದು ಚೂರು ಎತ್ತೋಕೆ ಬೇಕಾದ್ರೆ ಇದನ್ನ ಬಳಸು. ಅದರಾಚೆ ಕೈ ಹಾಕ್ಬೇಡ.” ನಕ್ಕ. ಒಪ್ಪಿದನೋ ಇಲ್ಲವೋ.

ಇನ್ನೂ ಕೆಟ್ಟದ್ದೊಂದಿದೆ: ಗದ್ದಲ ತೆಗೆಯುವ ಫಿಲ್ಟರನ್ನು ಕೊನೆಯ ತನಕ ತಿರುಗಿಸಿ, ಮೇಲೆ ಧ್ವನಿಯನ್ನೆಲ್ಲ ಒಂದೇ ಎತ್ತರಕ್ಕೆ ಒತ್ತಿ ‘ರಿಮಾಸ್ಟರ್’ ಎಂದು ಹೆಸರಿಡುವ ಜನ. ‘ಎಕೋಸ್’ನ ಮೊದಲ ಪಿಂಗ್ ಕೂಡ ಗುಂಡು ಹೊಡೆದ ಹಾಗೆ ಕೇಳಿಸುತ್ತದೆ. ಸುಯ್ಯೆನ್ನುವ ಟೇಪಾದರೂ ವಾಸಿ.

ಡಿಸೆಂಬರ್ 23, ಮಂಗಳವಾರ

ಮಿಕ್ಸಿಂಗ್ ಮೇಜಿನಿಂದ ನೇರ ತಂತಿ ಎಳೆದ ರೆಕಾರ್ಡಿಂಗೇ ಮೇಲು, ಸಭೆಯಲ್ಲಿ ಕೂತು ಹಿಡಿದದ್ದು ಕೀಳು ಎಂಬ ಮಾತು ಬಹಳ ಕೇಳಿದ್ದೇನೆ. ಆದರೆ ಮೇಜಿನ ಕೆಲಸ ಸಭಾಂಗಣದ ಕೊರತೆ ತುಂಬುವುದು. ವೇದಿಕೆಯ ಮೇಲೇ ಗಿಟಾರು ಜೋರಾಗಿದ್ದರೆ ಮೇಜಿನಲ್ಲಿ ಅದನ್ನು ತಗ್ಗಿಸುತ್ತಾರೆ, ಹಾಡುಗಾರನನ್ನು ಏರಿಸುತ್ತಾರೆ. ಆ ತಂತಿಯ ಟೇಪಿನಲ್ಲಿ ಹಾಡುಗಾರ ಕಿವಿಯೊಳಗೆ ಕೂತಿರುತ್ತಾನೆ, ಗಿಟಾರು ಪಕ್ಕದ ಬೀದಿಯಲ್ಲಿರುತ್ತದೆ. ಅದಕ್ಕೇ ಬಲ್ಲವರು ಎರಡನ್ನೂ ಬೆರೆಸುತ್ತಾರೆ.

ರೇಡಿಯೋದವರು ಬೇರೆಯಾಗಿ ಮಿಕ್ಸ್ ಮಾಡಿದ್ದರೆ ಮಾತು ಬೇರೆ. 1974ರ ನವೆಂಬರಿನ ವೆಂಬ್ಲಿ ಕಛೇರಿಯನ್ನು ಬಿಬಿಸಿ ಹಿಡಿದಿತ್ತು. ಪ್ರಸಾರದಿಂದ ಟೇಪ್ ಮಾಡಿಕೊಂಡವರ ಪ್ರತಿಗಳು ದಶಕಗಳ ಕಾಲ ತಿರುಗಾಡಿದವು, 2011ರಲ್ಲಿ ಅಧಿಕೃತವಾಗಿ ಬಂತು. ವೆಂಬ್ಲಿ ಚೊಕ್ಕಟ. ಆದರೂ ಎರಡರಲ್ಲಿ ಒಂದು ಆರಿಸು ಎಂದರೆ ಲಾಸ್ ಏಂಜಲೀಸನ್ನೇ ಆರಿಸುತ್ತೇನೆ. ಅಲ್ಲಿ ಬ್ಯಾಂಡು ಚೆನ್ನಾಗಿ ನುಡಿಸಿದೆ.

ಡಿಸೆಂಬರ್ 28, ಭಾನುವಾರ

ಧಾರವಾಡದ ಗೆಳೆಯರ ಫೋನು. ಅವರ ತಂದೆಯವರು ಮನೆಯ ಬೈಠಕ್‌ಗಳನ್ನು ಸ್ಪೂಲ್ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಯಾರೋ ಎಲ್ಲವನ್ನೂ ಎಂಪಿ3 ಮಾಡಿಕೊಟ್ಟಿದ್ದಾರಂತೆ. “ಇನ್ನ ಆ ಸ್ಪೂಲು ಇಟ್ಟು ಏನು ಮಾಡೋದ್ರೀ, ಜಾಗಾ ಹಿಡದಾವ” ಎಂದರು.

ಸ್ಪೂಲು ಏಕೆ ಬೇಕು ಎಂದು ತಿಳಿಸಲು, ಗ್ರೇಟ್‌ಫುಲ್ ಡೆಡ್ ತಂಡ 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಕಛೇರಿಯ ಕಥೆ ಹೇಳಿದೆ. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಮಾಡಿದ ಆ ರೆಕಾರ್ಡಿಂಗಿನ ಪ್ರತಿಗಳು ಅಭಿಮಾನಿಗಳ ಮನೆಗಳಲ್ಲಿ ಬೇಕಾದಷ್ಟಿದ್ದವು. 2017ರಲ್ಲಿ ಅದು ಅಧಿಕೃತವಾಗಿ ಬಂದಾಗ ಕೆಲಸ ಶುರುವಾದದ್ದು ಮೂಲ ಟೇಪಿನಿಂದಲೇ. ರೆಕಾರ್ಡ್ ಮಾಡುವಾಗ ಯಂತ್ರ ಕಿವಿಗೆ ಕೇಳದ ಬಯಾಸ್ ಎಂಬ ಕಂಪನವನ್ನು ಟೇಪಿಗೆ ಸೇರಿಸುತ್ತದೆ. ಅದರ ಉಳಿಕೆಯನ್ನು ಓದಿದರೆ ಅಂದು ಟೇಪು ಎಲ್ಲೆಲ್ಲಿ ಜಗ್ಗಿತು, ಎಲ್ಲಿ ಓಡಿತು ಎಂದು ಗೊತ್ತಾಗಿ ಆ ತೂರಾಟವನ್ನು ತೆಗೆಯಬಹುದು. ಪ್ಲಾಂಜೆಂಟ್ ಎಂಬ ಈ ವಿಧಾನಕ್ಕೆ ಬೇಕಾದದ್ದು ಮೂಲದಲ್ಲಿ ಮಾತ್ರ ಇರುತ್ತದೆ. ಸಿಡಿಯಲ್ಲಿ ಇಲ್ಲ, ಎಂಪಿ3ಯಲ್ಲಂತೂ ಇಲ್ಲವೇ ಇಲ್ಲ.

ಆಮೇಲೆ ಅವರಿಗೆ ಬರೆದು ಕಳಿಸಿದ್ದು: ಸ್ಪೂಲುಗಳನ್ನು ಬಿಸಿಲು, ತೇವ ಬೀಳದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಒಳ್ಳೆಯ ಯಂತ್ರ ಸಿಕ್ಕಾಗ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಏನೂ ತಿದ್ದದೆ ಒಮ್ಮೆ ಇಳಿಸಿ. ತಿದ್ದುವುದೆಲ್ಲ ಅದರ ನಕಲಿನ ಮೇಲೆ ಆಗಲಿ. ಕೆಮ್ಮು, ಕಪ್ಪುಬಸಿ ಸದ್ದು, ‘ಕ್ಯಾ ಬಾತ್ ಹೈ’ ಯಾವುದನ್ನೂ ಅಳಿಸಬೇಡಿ. ಡಿಜಿಟಲ್ ಆಯಿತಲ್ಲ ಎಂದು ಟೇಪನ್ನು ಮಾತ್ರ ದಯವಿಟ್ಟು ಎಸೆಯಬೇಡಿ.