ತಾಮ್ರವೂ ಚರ್ಮವೂ
ಮೊಮ್ಮಗನ ಮೊಣಕಾಲಿನ ಗಾಯವು ವಾರದೊಳಗೆ ಮಾಯುವುದು. ಅರವತ್ತು ಕಳೆದ ನನ್ನ ಕೈಯ ಗೀರು ಅದಕ್ಕಿಂತ ಹೆಚ್ಚು ದಿನ ಬೇಡುವುದು. ಈ ಭೇದದ ಕಾರಣಗಳಲ್ಲಿ ಒಂದು ರಕ್ತದಲ್ಲಿಯೇ ಇದ್ದೀತು. 1973ರಲ್ಲಿ ಲೋರೆನ್ ಪಿಕಾರ್ಟ್ ಎಂಬ ಅಮೆರಿಕದ ವಿಜ್ಞಾನಿಯು ಮಾನವರಕ್ತದ ದ್ರವಭಾಗದಲ್ಲಿ 3 ಅಮೈನೋ ಆಮ್ಲಗಳ ಕಿರುಸರಪಣಿಯೊಂದನ್ನು ಕಂಡುಹಿಡಿದರು. ಅದು ತಾಮ್ರವನ್ನು ಹಿಡಿದು ಒಯ್ಯುವುದು. ಇಪ್ಪತ್ತರ ಪ್ರಾಯದಲ್ಲಿ ಮಿಲಿಲೀಟರಿಗೆ 200 ನ್ಯಾನೊಗ್ರಾಮಿನಷ್ಟಿದ್ದದ್ದು ಅರವತ್ತರಲ್ಲಿ 80ಕ್ಕೆ ಇಳಿಯುವುದೆಂದು ಅವರು ಬರೆದಿರುವರು. ಚರ್ಮದ ಕೊಲಾಜನ್ ತಂತುಗಳನ್ನು ಬೆಸೆಯುವ ಕಿಣ್ವಕ್ಕೂ ತಾಮ್ರವು ಅವಶ್ಯಕ. ಹಾಗೆಂದು ತಂಬಿಗೆಯ ಕಿಲುಬನ್ನು ಗಾಯಕ್ಕೆ ಸವರಬಾರದು, ಅದು ವಿಷ. ಅಂಗಡಿಯ ತಾಮ್ರಲೇಪನವು ಸುಕ್ಕನ್ನು ತುಸು ತಗ್ಗಿಸೀತು, ಯೌವನವನ್ನು ತಾರದು. ದೇಹಕ್ಕೆ ಬೇಕಾದ ಅಲ್ಪ ತಾಮ್ರವು ಎಳ್ಳು, ಕಾಳುಗಳಲ್ಲಿಯೇ ಉಂಟು. ಎರಡು ವಾರದಲ್ಲಿ ಮಾಯದ ಹುಣ್ಣನ್ನು ಲೇಪನಕ್ಕೆ ಒಪ್ಪಿಸದೆ, ಮಧುಮೇಹದ ಶಂಕೆಯಿಂದ ವೈದ್ಯರಿಗೆ ತೋರಿಸುವುದೇ ವಿವೇಕವು.