ಆರು ಡಿಗ್ರಿಯ ಸೆಖೆ

ಚಳಿಗಾಲ ಬಂತೆಂದರೆ ನನಗೆ ಸ್ವೆಟರು, ಮಫ್ಲರು, ಬಿಸಿ ಕಾಫಿ ಮೂರೂ ಬೇಕು. ಅಂಟಾರ್ಕ್ಟಿಕಾದ ಮೀನಿಗೆ ಇದಾವುದೂ ಬೇಡ.

ಉಪ್ಪಿರುವುದರಿಂದ ಅಲ್ಲಿನ ಸಮುದ್ರ ಮೈನಸ್ 1.9 ಡಿಗ್ರಿಯಲ್ಲೂ ನೀರಾಗಿಯೇ ಇರುತ್ತದೆ. ನಮ್ಮ ಕಡೆಯ ಮೀನನ್ನು ಅದರಲ್ಲಿ ಬಿಟ್ಟರೆ ರಕ್ತ ಹೆಪ್ಪುಗಟ್ಟೀತು. ಅಲ್ಲಿಯ ಮೀನುಗಳ ರಕ್ತದಲ್ಲಿ ಒಂದು ವಿಶೇಷ ಪ್ರೋಟೀನ್ ಇದೆ. ಹಿಮದ ಪುಟ್ಟ ಹರಳು ಮೂಡಿದರೆ ಸಾಕು, ಅದಕ್ಕೆ ಅಂಟಿಕೊಂಡು ಬೆಳೆಯದಂತೆ ತಡೆಯುತ್ತದೆ. ಇದನ್ನು 1960ರ ದಶಕದಲ್ಲಿ ಪತ್ತೆಮಾಡಿದವರು ಅಮೆರಿಕದ ಆರ್ಥರ್ ಡಿವ್ರೀಸ್. ಐಸ್‌ಫಿಶ್ ಎಂಬ ಮೀನಿನ ರಕ್ತವಂತೂ ಕೆಂಪೇ ಅಲ್ಲ! ತಣ್ಣೀರಿನಲ್ಲಿ ಆಮ್ಲಜನಕ ಧಾರಾಳವಾಗಿ ಕರಗಿರುವುದರಿಂದ ಹಿಮೋಗ್ಲೋಬಿನ್ ಇಲ್ಲದೆಯೇ ಅದರ ಸಂಸಾರ ನಡೆಯುತ್ತದೆ.

“ಹಾಗಾದ್ರೆ ಅದಕ್ಕೆ ಯಾವ ಭಯಾನೂ ಇಲ್ಲ ಅಲ್ವಾ ತಾತ?” ಎಂದಳು ಮೊಮ್ಮಗಳು.

ಇದೆ ಪುಟ್ಟಿ. ವಿಜ್ಞಾನಿಗಳು ಪರೀಕ್ಷಿಸಿದ ಅಲ್ಲಿನ ಕೆಲವು ಮೀನುಗಳು 6 ಡಿಗ್ರಿಯ ನೀರಿನಲ್ಲೇ ಸೆಖೆ ತಾಳದೆ ಸತ್ತವು. ಫ್ರಿಜ್ಜಿನಿಂದ ತೆಗೆದು ಕುಡಿದರೆ ನನ್ನ ಹಲ್ಲು ಜುಮ್ಮೆನ್ನುತ್ತದಲ್ಲ, ಹೆಚ್ಚುಕಡಿಮೆ ಅಷ್ಟೇ ತಣ್ಣಗಿನ ನೀರು ಅದು! ಲಕ್ಷಾಂತರ ವರ್ಷ ಚಳಿಗೇ ಒಗ್ಗಿಹೋದ ಮೈ, ಬಿಸಿ ತಡೆಯುವ ಶಕ್ತಿಯನ್ನೇ ಉಳಿಸಿಕೊಂಡಿಲ್ಲ.

ಈಗ ಸಮುದ್ರಗಳು ನಿಧಾನವಾಗಿ ಬಿಸಿಯಾಗುತ್ತಿವೆ. ಬೇರೆ ಕಡೆಯ ಮೀನುಗಳು ತಂಪು ಹುಡುಕಿಕೊಂಡು ಧ್ರುವದ ಕಡೆಗೆ ಸರಿಯುತ್ತವೆ. ಇವು ಇನ್ನೂ ದಕ್ಷಿಣಕ್ಕೆ ಹೋಗೋಣವೆಂದರೆ ಅಲ್ಲಿ ಸಮುದ್ರವೇ ಇಲ್ಲ, ಹಿಮ ಹೊದ್ದ ನೆಲವಿದೆ.