ದಾರಿ ತೋರುವ ಯಂತ್ರದ ಆಯ್ಕೆ

ದಾರಿಹೋಕರನ್ನು ಕೇಳುತ್ತ ಊರು ಸೇರುತ್ತಿದ್ದ ಕಾಲ ಹಿಂದಾಯಿತು. ಈಗ ಬೈಕಿನ ಹ್ಯಾಂಡಲ್ ಮೇಲೆ ಕುಳಿತ ಪುಟ್ಟ ಜಿ.ಪಿ.ಎಸ್. ಯಂತ್ರವೇ ಎಡಬಲಗಳನ್ನು ಹೇಳುತ್ತದೆ. ಗಡಿನಾಡಿನ ಕುಟುಂಬಗಳಿಗೆ ಇದು ಬರಿಯ ಶೋಕಿಯ ವಸ್ತುವಲ್ಲ. ನಮ್ಮ ಮನೆ ಮಾನಂದವಾಡಿಯಲ್ಲಿ, ಮಗನ ಉದ್ಯೋಗ ಮೈಸೂರಿನಲ್ಲಿ. ವಾರಕ್ಕೊಮ್ಮೆ ಬೈಕಿನಲ್ಲಿ ಕಾಡು ದಾಟಿ ಬರುವ ಅವನಿಗೆ ಅಂತಹುದೊಂದನ್ನು ಕೊಡಿಸಬೇಕೆಂದು ನಾವು ಯೋಚಿಸಿದೆವು.

“ಫೋನ್ ಇರುವಾಗ ಬೇರೆ ಯಂತ್ರವೇಕೆ ಅಪ್ಪಾ?” ಎಂದನವನು. ಮಾತಿನಲ್ಲಿ ಹುರುಳಿದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ ತಾನಿರುವ ಸ್ಥಳವನ್ನು ಅರಿಯುವ ವಿಧಾನ ಎರಡರಲ್ಲಿಯೂ ಒಂದೇ. ಅದಕ್ಕೆ ಮೊಬೈಲ್ ಗೋಪುರ ಬೇಕಾಗಿಲ್ಲ. ಆದರೆ ನಕ್ಷೆ ಬೇಕು. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳದಿದ್ದರೆ, ನೆಟ್‌ವರ್ಕ್ ಸಿಗದ ಕಾಡಿನ ನಡುವೆ ಖಾಲಿ ಪರದೆಯ ಮೇಲೆ ಒಂದು ಚುಕ್ಕೆ ಮಾತ್ರ ಉಳಿದೀತು.

ಎರಡನೆಯದು ವಯನಾಡಿನ ಮಳೆ. ಐ.ಪಿ.ಎಕ್ಸ್. 7 ಎಂಬ ಗುರುತಿದ್ದರೆ ಯಂತ್ರವು ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಾಳುತ್ತದೆಂದು ಅರ್ಥ. ಬೈಕಿಗೆಂದೇ ಮಾಡಿದ ಯಂತ್ರಗಳ ಪರದೆಯನ್ನು ಕೈಗವಸು ತೊಟ್ಟೇ ಒತ್ತಬಹುದು, ಬಿಸಿಲಿನಲ್ಲಿಯೂ ಓದಬಹುದು. ಇನ್ನು ಕಂಪನದ ಮಾತು: ಬಲವಾದ ಎಂಜಿನ್ನಿನ ಬೈಕುಗಳ ಕಂಪನದಿಂದ ಫೋನಿನ ಕ್ಯಾಮೆರಾ ಕೆಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಆದರೆ ಪ್ರತ್ಯೇಕ ಯಂತ್ರದ ಬೆಲೆ ಹೆಚ್ಚು. ಅಪರೂಪಕ್ಕೆ ಸವಾರಿ ಮಾಡುವವರಿಗೆ ಫೋನು, ನೀರು ತಾಗದ ಚೀಲ, ಇಳಿಸಿಕೊಂಡ ನಕ್ಷೆ ಇಷ್ಟೇ ಸಾಕೆಂಬುದು ನಮ್ಮ ಅಭಿಪ್ರಾಯ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಬೇರೆಯೇ ಇದೆ. ಮೈಸೂರಿನಿಂದ ಎಚ್.ಡಿ. ಕೋಟೆ, ಬಾವಲಿಯ ಮೂಲಕ ಬರುವುದೇ ಹತ್ತಿರದ ದಾರಿ. ಅದು ನಾಗರಹೊಳೆಯ ಕಾಡನ್ನು ಸೀಳಿ ಬರುವುದರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ಮುಚ್ಚಿರುತ್ತದೆ. ಯಂತ್ರ ಬಲ್ಲುದು ದೂರವನ್ನು. ಗೇಟಿನ ಹೊತ್ತನ್ನೂ ಅದು ಬಲ್ಲುದೆಂದು ನಂಬಿ ಹೊರಡಲಾಗದು. ಸಂಜೆ ಕೆಲಸ ಮುಗಿಸಿ ಹೊರಡುವವನು ಹುಣಸೂರು, ಗೋಣಿಕೊಪ್ಪ, ಕುಟ್ಟ, ತೋಲ್ಪೆಟ್ಟಿಯ ಸುತ್ತುದಾರಿಯನ್ನೇ ಹಿಡಿಯಬೇಕು. ಆದುದರಿಂದ ನಡುವಿನ ಊರುಗಳನ್ನು ನಾವೇ ಗುರುತಿಸಿ, ಆ ದಾರಿಯಲ್ಲಿಯೇ ನಡೆಸುವಂತೆ ಹೇಳಲು ಬರುವ ಯಂತ್ರವನ್ನೇ ಆರಿಸತಕ್ಕದ್ದು.

ಮಳೆಗಾಲದಲ್ಲಿಯೂ ತಪ್ಪದೆ ಬರುವವನೆಂದು ನಾವು ಬೈಕಿನ ಯಂತ್ರವನ್ನೇ ಕೊಡಿಸಿದೆವು. ಅವನು ಅದರಲ್ಲಿ ಮೊದಲು ಬರೆದ ಹೆಸರು ಕುಟ್ಟ. ಕಾಡಂಚಿನಲ್ಲಿ ಆನೆಗಳು ರಸ್ತೆಗಿಳಿಯುವುದನ್ನು ಯಾವ ನಕ್ಷೆಯೂ ತೋರಿಸದು. ಹೊರಡುವ ಹೊತ್ತನ್ನೂ ಹಿಡಿಯುವ ದಾರಿಯನ್ನೂ ಮನೆಗೆ ತಿಳಿಸಿ ಹೊರಡುವ ಹಳೆಯ ಪದ್ಧತಿಯನ್ನು ನಮ್ಮ ಮಕ್ಕಳು ಬಿಡದಿರಲಿ.